ಒಂದಕ್ಕೆ ಓಗೊಟ್ಟು ಎರಡು ಮುಚ್ಚಳ ಎತ್ತಿದ್ದು

ಮೊನ್ನೆ ಪುತ್ತೂರಿನ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡು ಕಂಡೆ. ಹಿತ್ತಾಳೆಯ ಪುಟ್ಟ ಮುಚ್ಚಳಗಳ ಸಾಲು. ಐವರ್ನಾಡಿನ ದೊಡ್ಡಮ್ಮ ನೆನಪಾಗಿ ಒಬ್ಬನೇ ನಕ್ಕೆ. ಅಂಗಡಿಯವರು ನನ್ನನ್ನೂ ತೂಕಕ್ಕೆ ಹಾಕುವವರಂತೆ ನೋಡಿದರು.

ನನ್ನ ಕೆಲಸ ಹೇಳಿದರೆ ನೀವೂ ನಗುತ್ತೀರಿ. ಕಂಪ್ಯೂಟರಿನೊಳಗೆ ಇಲ್ಲದ ಇನ್ನೊಂದು ಕಂಪ್ಯೂಟರನ್ನು ಇದೆಯೆಂದು ನಂಬಿಸುವ ಸಾಫ್ಟ್‌ವೇರ್ ನಮ್ಮದು. ಅದರಲ್ಲಿ ಡಿಸ್ಕೋ ಕೀಬೋರ್ಡೋ "ಇತ್ತ ನೋಡು" ಎಂದು ಕರೆದರೆ ಗುರುತು ಹಾಕಿಕೊಂಡು ಪ್ರೊಸೆಸರಿಗೆ ತಿಳಿಸುವುದು ಇಂಟರಪ್ಟ್ ಕಂಟ್ರೋಲರ್. ಅದರ ನಕಲು ಬರೆದವನು ನಾನು. ಡಿಸ್ಕಿನ ಭಾಗ ಕಡಬದ ಗೆಳೆಯ ಮುನೀರನದ್ದು. ಎರಡು ವರ್ಷದ ಹಿಂದೆ ಈ ನಕಲಿ ಯಂತ್ರ ಆಗಾಗ ಸುಮ್ಮನೆ ನಿಂತುಬಿಡತೊಡಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು "ಡಿಸ್ಕೇ ಕರೆಯುತ್ತಿಲ್ಲ" ಎಂದು ಆಫೀಸಿನಲ್ಲಿ ಎಲ್ಲರೆದುರು ಘೋಷಿಸಿದೆ. ಮುನೀರ್ ಹತ್ತು ದಿನ ತನ್ನ ಕೋಡನ್ನೇ ಜಾಲಾಡಿ ಸೊರಗಿದ. ನನ್ನೊಡನೆ ಚಾ ಕುಡಿಯಲು ಬರುವುದನ್ನೂ ಬಿಟ್ಟ. ಸ್ನೇಹ ಕೈತಪ್ಪಿತೆಂದೇ ಹೆದರಿದ್ದೆ.

ಆ ಭಾನುವಾರ ದೊಡ್ಡಮ್ಮನ ಮನೆಗೆ ಹೋಗಿ ಗೋಳು ಹೇಳಿಕೊಂಡೆ. ಅವರು ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಅವಲಕ್ಕಿ ಕಲಸುತ್ತಾ ಹೇಳಿದರು:

"ನಮ್ಮ ಬೋರ್ಡಲ್ಲೂ ಹಾಗೇ ಮಗಾ. ಯಾರಾದ್ರೂ ಕರೆದ್ರೆ ಅವರ ಮುಚ್ಚಳ ಬೀಳ್ತದೆ. ಮಾತಾಡಿಸಿ ಮತ್ತೆ ಎತ್ತಿಡುದು. ಒಮ್ಮೆ ಎರಡು ಒಟ್ಟಿಗೇ ಬಿತ್ತು. ಒಬ್ಬರಿಗೆ ಓಗೊಟ್ಟು ಗಡಿಬಿಡಿಯಲ್ಲಿ ಎರಡನ್ನೂ ಎತ್ತಿಬಿಟ್ಟೆ. ಇನ್ನೊಬ್ಬರು ಫೋನ್ ಹಿಡ್ಕೊಂಡು ಕೂತಿದ್ದಾರೆ, ನನ್ನ ಬೋರ್ಡ್ ನೋಡಿದ್ರೆ ಯಾರೂ ಕರೆದೇ ಇಲ್ಲ!"

"ಮತ್ತೆ ಎಂತ ಮಾಡಿದ್ರಿ?"

"ಎಂತ ಮಾಡುದು? ಲೈನ್ ಸರಿ ಇಲ್ಲ ಅಂತ ಹೇಳಿದೆ. ಪಾಪ, ಲೈನ್‌ಮ್ಯಾನ್ ಬಿಸಿಲಲ್ಲಿ ಕಂಬ ಕಂಬ ಹತ್ತಿ ಇಳಿದ."

"ಆಮೇಲಾದ್ರೂ ಲೈನ್‌ಮ್ಯಾನಿಗೆ ನಿಜ ಹೇಳಿದ್ರಾ?"

ದೊಡ್ಡಮ್ಮನ ಕೈ ನಿಂತಿತು. "ಇಲ್ಲ ಮಗಾ. ನಾಳೆ ಹೇಳುವ, ನಾಡಿದ್ದು ಹೇಳುವ ಅಂತ ಇದ್ದೆ. ಅವ ತೀರಿಯೇ ಹೋದ. ಈಗಲೂ ಚುಚ್ತದೆ."

ಅಲ್ಲೇ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಎರಡು ಕರೆ ಒಟ್ಟಿಗೆ ಬಂದಾಗ ಒಂದನ್ನು ತಲುಪಿಸಿ ಎರಡರ ಗುರುತನ್ನೂ ಅಳಿಸುವ ಸಾಲೊಂದು ಇತ್ತು. ಬರೆದವನು ನಾನೇ. ಅಯ್ಯೋ ದೇವರೇ! ತಿದ್ದಲು ಒಂದು ನಿಮಿಷ ಸಾಕಾಯಿತು. ಮುನೀರನಿಗೆ ಫೋನ್ ಮಾಡಲು ಅಂಗಳದಲ್ಲಿ ಆರು ಸುತ್ತು ಹಾಕಬೇಕಾಯಿತು.

"ತಪ್ಪು ನನ್ನದು ಮಾರಾಯ."

ಅವನು ಕೇಳಿದ್ದು ಇಷ್ಟೇ: "ನಾಳೆ ಇದನ್ನು ಎಲ್ಲರೆದುರು ಹೇಳ್ತೀಯಾ?"

"ಹೇಳ್ತೇನೆ."

"ಹಾಗಾದ್ರೆ ಬಿಡು."

ಹೇಳಿದೆ. ಕಿವಿ ಬಿಸಿಯಾದರೂ ಎದೆ ಹಗುರಾಯಿತು.

ಇವತ್ತು ಬೆಳಿಗ್ಗೆ ಯಂತ್ರ ಮತ್ತೆ ನಿಂತಿತು. ಯಾರೂ ಬಾಯಿ ತೆರೆಯುವ ಮೊದಲೇ "ನನ್ನದನ್ನು ಮೊದಲು ನೋಡ್ತೇನೆ" ಅಂದೆ.

ಪಕ್ಕದ ಮೇಜಿನಿಂದ ಮುನೀರ್ ತಲೆ ಎತ್ತಿದ. "ಕೂತ್ಕೊ ಮಾರಾಯ. ಈ ಸಲ ನಂದೇ."