ಅಕ್ಕ ಹಾಸಿದ ನೆಲ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆಯುತ್ತಿತ್ತು. ಚಿಕ್ಕವರಿದ್ದಾಗ ಉಡುಪಿಯಲ್ಲಿ ಅಪ್ಪನ ಹೊಲಿಗೆ ಯಂತ್ರ ರಿಪೇರಿ ಅಂಗಡಿಯಲ್ಲಿ ಬೆರಳನ್ನು ಸೂಜಿಯ ಕೆಳಗೆ ಕೊಟ್ಟಿದ್ದರಂತೆ. ಆ ಸೀಳಿನಲ್ಲಿ ಯಂತ್ರದ ಎಣ್ಣೆ ಕಪ್ಪಾಗಿ ನಿಂತಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಯಾರದಾದರೂ ಮನೆಗೆ ಊಟಕ್ಕೆ ಹೋದಾಗ ಅಕ್ಕನ ಗಂಡ ಆ ಕೈಯ ಕಡೆ ನೋಡಿ, ಸೆರಗಿನೊಳಗೆ ಇಟ್ಟುಕೋ ಎಂದು ಕಣ್ಣಲ್ಲೇ ಹೇಳುತ್ತಿದ್ದರು. ಅಕ್ಕ ಇಟ್ಟುಕೊಳ್ಳುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಮಸ್ಕತ್ತಿಗೆ ಬಂದ ನನಗೆ ಅವರು ಪಕ್ಕದ ಮನೆಯವರಾಗಿ ಸಿಕ್ಕಿದರು. ನಾವಿದ್ದ ಊರಂಚಿನ ಬೌಷರ್‌ನಲ್ಲಿ ಆಗ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚು. ನನ್ನ ಗಂಡ ಮತ್ರಾ ಪೇಟೆಯ ಬಟ್ಟೆ ಅಂಗಡಿಯಲ್ಲಿದ್ದರು. ಬೆಳಿಗ್ಗೆ ಹೋದರೆ ಮಧ್ಯಾಹ್ನ ಊಟಕ್ಕೆ ಬಂದು, ಮತ್ತೆ ಹೋದರೆ ರಾತ್ರಿಯೇ. ಮಾತಾಡಲು ಜನರಿಲ್ಲದೆ ನಾನು ಅಕ್ಕನ ಮನೆಗೆ ಹೋಗುತ್ತಿದ್ದೆ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವರ ಗಂಡ ನನಗೆ ಭಾವ. ಭಾವ ಒಂದು ದೊಡ್ಡ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದರು. ಮನೆಯೂ ಆ ಕಂಪನಿಯದೇ. ಕಾರು ಇರಲಿಲ್ಲ, ಕಂಪನಿಯ ಬಸ್ಸು ಬರುತ್ತಿತ್ತು. ಆದ್ದರಿಂದ ಮನೆಗೆ ಅಂಟಿಕೊಂಡಿದ್ದ ಗ್ಯಾರೇಜು ಖಾಲಿ ಬಿದ್ದಿತ್ತು. ಅಕ್ಕ ಅಲ್ಲಿ ಒಂದು ಹಳೆಯ ಮೇಜು ಹಾಕಿ, ಗೋಡೆಗೆ ಹಲಗೆ ಹೊಡೆದು, ಊರಿಂದ ತಂದ ಅಪ್ಪನ ಸಲಕರಣೆಗಳನ್ನು ನೇತುಹಾಕಿ ಕೆಲಸ ಶುರು ಮಾಡಿದ್ದರು.

ಊರಿಂದ ಬಂದ ಹೆಂಗಸರ ಬಳಿಯೆಲ್ಲ ಒಂದು ಹೊಲಿಗೆ ಮಿಶಿನ್ ಇರುತ್ತಿತ್ತು, ಒಂದು ಮಿಕ್ಸಿ ಇರುತ್ತಿತ್ತು. ಎರಡೂ ಕೆಡುತ್ತಿದ್ದವು. ಮಂಗಳೂರಿನ ಕೊಂಕಣಿ ಮಾತಾಡುವವರು, ನಮ್ಮ ತುಳುವಿನವರು, ಮಲಯಾಳಿ ನರ್ಸುಗಳು, ಎಲ್ಲರೂ ಅಕ್ಕನ ಗ್ಯಾರೇಜಿಗೆ ಬರುತ್ತಿದ್ದರು. ಕೆಲಸ ಮಾಡುವಾಗ ಅಕ್ಕನದು ಸಿಡುಕು ಸ್ವಭಾವ. ಯಂತ್ರ ತಂದವರಿಗೆ ಮೊದಲು ಬೈಗುಳ. "ಎಣ್ಣೆ ಹಾಕದೆ ಎಷ್ಟು ವರ್ಷ ಆಯ್ತು? ನಿಮ್ಮ ತಲೆಗೆ ದಿನಾ ಹಾಕ್ತೀರಲ್ಲ, ಇದಕ್ಕೆ ಯಾಕೆ ಹಾಕುದಿಲ್ಲ?" ಎನ್ನುತ್ತಿದ್ದರು. ಬೈಸಿಕೊಂಡವರು ನಗುತ್ತಿದ್ದರು, ಯಾಕೆಂದರೆ ಯಂತ್ರ ಸರಿಯಾಗುತ್ತಿತ್ತು.

ಆ ಗ್ಯಾರೇಜಿನ ನೆಲ ಮಾತ್ರ ಶನಿ. ಯಾರೋ ಕಾಟಾಚಾರಕ್ಕೆ ಹಾಕಿದ ಸಿಮೆಂಟು. ಗುಡಿಸಿದಷ್ಟೂ ಧೂಳು ಏಳುತ್ತಿತ್ತು, ಆ ಧೂಳು ಬಿಚ್ಚಿಟ್ಟ ಯಂತ್ರದ ಹೊಟ್ಟೆಗೆ ಹೋಗುತ್ತಿತ್ತು. ಬಿದ್ದ ಸ್ಕ್ರೂ ಬಿರುಕಿನಲ್ಲಿ ಮಾಯ. ಬೇಸಿಗೆಯಲ್ಲಿ ಚಪ್ಪಲಿ ದಾಟಿ ಬಿಸಿ ಹತ್ತುತ್ತಿತ್ತು. ಅಕ್ಕನಿಗೆ ಹಿಮ್ಮಡಿ ನೋವು ಬೇರೆ. ಮತ್ರಾದ ಒಂದು ಅಂಗಡಿಗೆ ರಬ್ಬರಿನ ಇಂಟರ್‌ಲಾಕ್ ಟೈಲ್ಸ್ ಬಂದಿದೆ ಎಂದು ನನ್ನ ಗಂಡ ಒಂದು ದಿನ ಹೇಳಿದರು. ಕಪ್ಪು ಚೌಕಗಳು, ಅಂಚಿನಲ್ಲಿ ಹಲ್ಲುಗಳು. ಒಂದರ ಹಲ್ಲು ಇನ್ನೊಂದರ ಕಚ್ಚಿನಲ್ಲಿ ಕೂತರೆ ಅಂಟೂ ಬೇಡ, ಗಾರೆಯೂ ಬೇಡ. ಅಕ್ಕ ಭಾವನನ್ನು ಕೇಳಲಿಲ್ಲ. ತರಿಸಿಯೇಬಿಟ್ಟರು.

ಚಳಿಗಾಲದಲ್ಲಿ ನಾವಿಬ್ಬರೇ ಹಾಸಿದೆವು. ಸೋಡಾಪುಡಿ ಹಾಕಿ ನೆಲದ ಎಣ್ಣೆ ಕಲೆ ತಿಕ್ಕಿ, ಬಿರುಕುಗಳಿಗೆ ಸಿಮೆಂಟು ತುಂಬಿಸಿ, ಒಣಗಿಸಿ, ನಡುವಿಗೆ ಸೀಮೆಸುಣ್ಣದ ದಾರ ಹಿಡಿದು ಗೆರೆ ಹೊಡೆದೆವು. ನಡುವಿನಿಂದ ಶುರು ಮಾಡಿ ಗೋಡೆಯ ಕಡೆಗೆ. ಅಕ್ಕ ಮೊಣಕಾಲೂರಿ ಟೈಲ್ಸ್ ಇಟ್ಟರೆ ನಾನು ರಬ್ಬರ್ ಸುತ್ತಿಗೆಯಿಂದ ಅಂಚಿಗೆ ಬಡಿಯುತ್ತಿದ್ದೆ. ಗೋಡೆಯ ಹತ್ತಿರದ ತುಂಡುಗಳನ್ನು ಚೂರಿಯಲ್ಲಿ ಕೊಯ್ದು, ಕೂದಲು ತೂರದ ಹಾಗೆ ಬಿಗಿಯಾಗಿ ಕೂರಿಸಿದೆವು. ಎಷ್ಟು ಚಂದ ಕಾಣುತ್ತಿತ್ತು ಎಂದರೆ ನಾವು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆವು.

ಬೇಸಿಗೆ ಬಂದಾಗ ನೆಲ ನಡುವಿನಲ್ಲಿ ಪೂರಿಯ ಹಾಗೆ ಉಬ್ಬಿತು. ಬಿಸಿಗೆ ರಬ್ಬರು ಹಿಗ್ಗುತ್ತದೆ, ಹೋಗಲು ಜಾಗ ಬೇಕು ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅಕ್ಕ ಸೊಂಟಕ್ಕೆ ಕೈಯಿಟ್ಟು ಆ ಉಬ್ಬನ್ನು ನೋಡುತ್ತ ನಿಂತರು. ತುಳುವಿನಲ್ಲಿ ಅದಕ್ಕೆ ಏನೋ ಬೈದರು. ಆಮೇಲೆ, "ಎಂತ ನೋಡುದು ಮಾರಾಯ್ತಿ, ತೆಗಿ" ಎಂದರು. ಒಂದು ಮೂಲೆಯಿಂದ ಎತ್ತಿದರೆ ಟೈಲ್ಸು ಸಾಲಾಗಿ ಬಿಡಿಸಿಕೊಂಡು ಬಂತು. ಗೋಡೆಯುದ್ದಕ್ಕೂ ಒಂದು ಬೆರಳಿನಷ್ಟು ಜಾಗ ಬಿಟ್ಟು ಮತ್ತೆ ಹಾಸಿದೆವು. ಬೆವರು ಸೀರೆಯಿಂದ ಹಿಂಡುವಷ್ಟಿತ್ತು. ಆಮೇಲೆ ನೆಲ ಉಬ್ಬಲಿಲ್ಲ.

ಭಾವನ ಕಂಪನಿಯ ಅಡ್ಮಿನ್ ಮ್ಯಾನೇಜರ್ ನಮ್ಮ ಕಡೆಯವರೇ. ಅವರ ಹೆಂಡತಿಯ ಮಿಶಿನನ್ನು ಅಕ್ಕ ಎರಡು ಸಲ ಸರಿಮಾಡಿ ಕೊಟ್ಟಿದ್ದರು. ಆ ಮನುಷ್ಯ ಒಂದು ಶುಕ್ರವಾರ ಮನೆಗಳ ತಪಾಸಣೆ ಎಂದು ಬಂದರು. ನಾನೂ ಅಲ್ಲಿದ್ದೆ. ಗ್ಯಾರೇಜಿನ ಬಾಗಿಲಲ್ಲಿ ನಿಂತು ಒಳಗೆ ನೋಡಿ, ಅಕ್ಕನನ್ನು ದಾಟಿ ಭಾವನಿಗೆ ಹೇಳಿದರು:

"ನೋಡಿ ಮಾರಾಯ್ರೆ, ಗ್ಯಾರೇಜ್ ಅಂದ್ರೆ ಕಾರಿಗೆ. ಮಿಸೆಸ್ ವೀಸಾದಲ್ಲಿ ಹೌಸ್‌ವೈಫ್ ಅಂತ ಉಂಟು. ಇದೆಲ್ಲ ವೀಸಾ ಕೊಟ್ಟ ಕಫೀಲ್ ಕಿವಿಗೆ ಬಿದ್ರೆ ಖಲಾಸ್. ನಿಮ್ಮ ಮಿಸೆಸ್‌ಗೆ ಸ್ವಲ್ಪ ಹೇಳಿ."

ಅಕ್ಕ ಸ್ಪಾನರ್ ಕೆಳಗಿಟ್ಟರು. "ನಾನು ಇಲ್ಲೇ ಇದ್ದೇನಲ್ಲ. ನನಗೇ ಹೇಳಿ."

ಅವರು ಅಕ್ಕನ ಮುಖ ನೋಡಲಿಲ್ಲ. "ಚಾ ಒಳ್ಳೆದಿತ್ತು" ಎಂದು ಭಾವನ ಕೈ ಕುಲುಕಿ ಹೋದರು.

"ಹೆಂಗಸರು ಮನೆಯಲ್ಲಿ ಒಬ್ಬರಿಗೊಬ್ಬರು ಸಹಾಯ ಮಾಡುದಕ್ಕೆ ಯಾವ ಕಾನೂನು ಅಡ್ಡ ಬರ್ತದೆ? ಅವರ ಹೆಂಡತಿ ಬಂದಾಗ ವೀಸಾ ನೆನಪಾಗ್ಲಿಲ್ವಾ?" ಎಂದು ಅಕ್ಕ ಭಾವನನ್ನು ಕೇಳಿದರು. ಭಾವ, "ನನ್ನ ಕೆಲಸಕ್ಕೆ ಸಂಚಕಾರ ತರ್ಬೇಡ" ಎಂದಷ್ಟೇ ಹೇಳಿ ಒಳಗೆ ಹೋದರು.

ಮರುವರ್ಷ ಅಕ್ಕನ ಅಪ್ಪ ತೀರಿಕೊಂಡರು. ಅಕ್ಕ ಊರಿಗೆ ಹೋದರು. ಅವರ ವಿಮಾನ ಹೋದ ವಾರದಲ್ಲೇ ಕಂಪನಿಯ ಪಿಕಪ್ ಬಂತು. ಅದರಿಂದ ಇಳಿದ ಕೆಲಸದವರು ಕಬ್ಬಿಣದ ಹಾರೆ ಹಿಡಿದಿದ್ದರು. ಸದ್ದು ಕೇಳಿ ನಾನು ಓಡಿದೆ. ಭಾವ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರು. ಕೆಲಸದವರು ಟೈಲ್ಸಿನ ಅಡಿಗೆ ಹಾರೆ ತೂರಿಸಿ ಮೀಟುತ್ತಿದ್ದರು. ಹಲ್ಲುಗಳು ಹರಿದು ಹಾರುತ್ತಿದ್ದವು.

"ಭಾವ, ನಿಲ್ಲಿಸಿ. ಅಕ್ಕ ಬರ್ಲಿ."

"ಬಂದ್ರೆ ಬಿಡ್ತಾಳಾ? ಮ್ಯಾನೇಜರ್ ಹೇಳಿದ್ದಾರೆ, ಈಗಲೇ ಆಗ್ಬೇಕು. ನೀನು ಮನೆಗೆ ಹೋಗು."

ನಾನು ಹೋಗಲಿಲ್ಲ. ಪಿಕಪ್ಪಿನ ಹಿಂದೆ ನಿಂತೆ. ಸಲಕರಣೆ, ಮೇಜು, ಟೈಲ್ಸು, ಒಂದನ್ನೂ ಕಸಕ್ಕೆ ಒಯ್ಯಲು ಬಿಡುವುದಿಲ್ಲ ಎಂದೆ. ಜೀವನದಲ್ಲಿ ಅಷ್ಟು ದೊಡ್ಡ ಸ್ವರ ತೆಗೆದದ್ದು ಅದೇ ಮೊದಲು. ಡ್ರೈವರ್ ಪಠಾಣ ಭಾವನ ಮುಖ ನೋಡಿದ, ನನ್ನ ಮುಖ ನೋಡಿದ, "ಭಾಭಿ, ಕಿಧರ್ ರಖನಾ ಹೈ?", ಎಲ್ಲಿ ಇಡಬೇಕು ಎಂದು ನನ್ನನ್ನೇ ಕೇಳಿದ. ಎಲ್ಲವನ್ನೂ ನಮ್ಮ ಮನೆಯ ಖಾಲಿ ಗ್ಯಾರೇಜಿನಲ್ಲಿ ಇಳಿಸಿಕೊಟ್ಟು ಹೋದ.

ಅಕ್ಕ ಬಂದ ದಿನ ಅವರ ಗ್ಯಾರೇಜಿನಲ್ಲಿ ಭಾವ ಹೊಸದಾಗಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ನಿಂತಿತ್ತು. ಅದನ್ನು ನೋಡಿದ ಅಕ್ಕ ನೇರ ನಮ್ಮ ಮನೆಗೆ ಬಂದರು. ಪ್ರಯಾಣದ ಸೀರೆಯಲ್ಲೇ ನೆಲದ ಮೇಲೆ ಕೂತು ಒಂದೊಂದೇ ಟೈಲ್ಸ್ ಎತ್ತಿ ಅಂಚು ನೋಡಿದರು. ಹರಿದವನ್ನು ಒಂದು ಕಡೆ, ಉಳಿದವನ್ನು ಇನ್ನೊಂದು ಕಡೆ ಇಟ್ಟರು. ಹರಿದವೇ ಹೆಚ್ಚು.

"ಹಾರೆ ಹಾಕಿದ್ರಾ?"

"ಹೂಂ ಅಕ್ಕ."

"ಮೂಲೆಯಿಂದ ಎತ್ತಿದ್ರೆ ಅದರಷ್ಟಕ್ಕೇ ಬರ್ತಿತ್ತು. ನಿನಗೆ ಗೊತ್ತುಂಟಲ್ಲ." ಹರಿದ ಅಂಚಿಗೆ ಬೆರಳಾಡಿಸಿ, "ತೆಗಿಯುದು ಹೇಗೆ ಅಂತಾದ್ರೂ ನನ್ನನ್ನು ಕೇಳ್ಬಹುದಿತ್ತು" ಎಂದರು. ಅಪ್ಪನ ಸಾವಿಗೆ ಅತ್ತು ಬಂದ ಕಣ್ಣು. ಇದಕ್ಕೆ ಅಳಲಿಲ್ಲ. ಮುಖ ಕಲ್ಲಿನ ಹಾಗಿತ್ತು.

ನಮ್ಮ ಮನೆಯ ಮಾಲೀಕ ಮುದುಕ ಒಮಾನಿ. ಹಿಂದಿನ ಬೀದಿಯಲ್ಲೇ ಇದ್ದ. ನನ್ನ ಗಂಡ ಹೋಗಿ ವಿಷಯ ಹೇಳಿದಾಗ ಅವನು ಕಾಫಿ ಕೊಟ್ಟು, "ಮಾಫಿ ಮುಶ್ಕಿಲ್", ಏನೂ ತೊಂದರೆಯಿಲ್ಲ ಎಂದ. ಮರುದಿನವೇ ಅವನ ತಂಗಿ ತನ್ನ ಮಿಶಿನ್ ಹೊರಿಸಿಕೊಂಡು ಬಂದಳು. ಉಳಿದ ಟೈಲ್ಸು ನಮ್ಮ ಗ್ಯಾರೇಜಿನ ಅರ್ಧಕ್ಕೆ ಮಾತ್ರ ಸಾಕಾಯಿತು. ಆ ಅರ್ಧದಲ್ಲಿ ಅಕ್ಕ ಮತ್ತೆ ಮೇಜು ಹಾಕಿದರು. ಬೆಳಿಗ್ಗೆ ಭಾವನಿಗೆ ತಿಂಡಿ ಕೊಟ್ಟು ಬರುವರು, ಭಾವ ಬರುವ ಮೊದಲು ಹೋಗುವರು. ಗಂಡನ ಕಾರಿನಲ್ಲಿ ಮಾತ್ರ ಕೂರಲಿಲ್ಲ. ದೇವಸ್ಥಾನಕ್ಕೂ ಟ್ಯಾಕ್ಸಿಯಲ್ಲೇ.

ಮ್ಯಾನೇಜರರ ಹೆಂಡತಿ ಒಮ್ಮೆ ನಾಚಿಕೆಯಿಂದಲೇ ಮಿಶಿನ್ ವಿಷಯ ಕೇಳಲು ಬಂದರು. ಅಕ್ಕ ಅವರನ್ನು ಕೂರಿಸಿ ಚಹಾ ಕೊಟ್ಟರು. "ನಿಮ್ಮ ಮೇಲೆ ನನಗೆ ಎಂತದೂ ಇಲ್ಲ. ಆದ್ರೆ ಮಿಶಿನ್ ನಿಮ್ಮ ಯಜಮಾನರೇ ತರ್ಬೇಕು. ನನ್ನ ಹತ್ತಿರ ಮಾತಾಡಿ ಕೊಡ್ಬೇಕು" ಎಂದರು. ಆ ಮಿಶಿನ್ ಬರಲೇ ಇಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಅಕ್ಕ ಹೃದಯಾಘಾತದಿಂದ ಹೋದರು. ದೇಹವನ್ನು ಊರಿಗೆ ಕಳಿಸಿದ ಮೇಲೆ ಇಲ್ಲಿನ ನಮ್ಮವರೆಲ್ಲ ಒಂದು ಹಾಲ್‌ನಲ್ಲಿ ಸೇರಿದರು. ಮೊದಲು ಮಾತಾಡಿದ್ದು ಅದೇ ಮ್ಯಾನೇಜರ್. ಆದರ್ಶ ಗೃಹಿಣಿ ಎಂದರು. ಅವರ ಕೈಯ ಚಹಾ ಮರೆಯಲಾರೆ ಎಂದರು. ಬಿಡುವಿನಲ್ಲಿ ಏನಾದರೂ ರಿಪೇರಿ ಮಾಡುವ ಹವ್ಯಾಸವೂ ಇತ್ತು, ನಾವೆಲ್ಲ ಪ್ರೋತ್ಸಾಹ ಕೊಡುತ್ತಿದ್ದೆವು ಎಂದರು. ಎದುರಿನ ಸಾಲಿನಲ್ಲಿ ಕೂತಿದ್ದ ಭಾವ ತಲೆಯಾಡಿಸಿದರು.

ನಾನು ಎದ್ದು ಹೋಗಿ ಮೈಕಿನ ಮುಂದೆ ನಿಂತೆ. ಹವ್ಯಾಸ ಅಲ್ಲ, ಅದು ಅವರ ಕೆಲಸ ಎಂದೆ. ಈ ಹಾಲ್‌ನಲ್ಲಿ ಕೂತ ಅರ್ಧ ಹೆಂಗಸರ ಯಂತ್ರ ಅವರ ಕೈಯಿಂದ ಓಡುತ್ತಿದೆ ಎಂದೆ. ಅವರ ನೆಲಕ್ಕೆ ಹಾರೆ ಹಾಕಿಸಿದವರ ಹೆಸರನ್ನೂ, ಕೈಕಟ್ಟಿ ನೋಡುತ್ತಿದ್ದವರ ಹೆಸರನ್ನೂ ಹೇಳಿದೆ. ಯಾರೋ "ಅಮ್ಮ, ಸಾಕು" ಎಂದರು. ನಿಲ್ಲಿಸಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನನ್ನ ಗಂಡ, "ಸತ್ತ ಮನೆಯವರ ಎದುರು ಅಷ್ಟೆಲ್ಲ ಹೇಳ್ಬೇಕಿತ್ತಾ?" ಎಂದು ಕೇಳಿದರು.

"ಇನ್ನೂ ಇತ್ತು. ಅವರು ಮೈಕ್ ಬಂದ್ ಮಾಡಿದ್ರು" ಎಂದೆ.