ಉತ್ತರಕ್ಕಾಗಿ ಕಾಯುವ ಉಜ್ವಲಾ ಮೇಡಂ

ಬೀದರದ ಕೆಂಪು ಕಲ್ಲು ಹೊಸ ಕಾಲದ ಮನೆಗಳಿಗೂ ಒಪ್ಪುತ್ತದೆಂದು ಕಟ್ಟಿ ತೋರಿಸಿದ ವಾಸ್ತುಶಿಲ್ಪಿಗಳಲ್ಲಿ, ಇದೀಗ ವಿಶ್ವವಿದ್ಯಾಲಯದ ಸೇವೆಯಿಂದ ನಿವೃತ್ತರಾಗುತ್ತಿರುವ ಪ್ರೊ. ಉಜ್ವಲಾ ಕಾಶೀರಾಮ ಅವರ ಹೆಸರು ಆದರದಿಂದ ನೆನೆಯತಕ್ಕದ್ದು. ಔರಾದ ತಾಲ್ಲೂಕಿನ ಎಕಂಬಾದಲ್ಲಿ ಹುಟ್ಟಿ, ಬೀದರದಲ್ಲಿ ಸ್ವಂತ ಕಚೇರಿ ತೆರೆದು, ಹೆಸರು ಬೆಳೆಯುತ್ತಿದ್ದಾಗಲೇ ಅವರು ಅಧ್ಯಾಪನಕ್ಕೆ ಬಂದದ್ದು ಹಲವರಿಗೆ ಒಗಟಾಗಿತ್ತು.

ಕಾರಣವನ್ನು ಅವರೇ ಒಮ್ಮೆ ತರಗತಿಯಲ್ಲಿ ನಗುತ್ತ ಹೇಳಿದರು. ಭಾಲ್ಕಿಯಲ್ಲಿ ಅವರು ಕಟ್ಟಿಸಿದ ಮನೆಯೊಂದರ ಒಡತಿ ಭಾಗೀರಥಿಬಾಯಿ, ಹೊಸ ಅಡುಗೆಮನೆ ಒಗ್ಗದೆ ಹಿತ್ತಲಲ್ಲೇ ರೊಟ್ಟಿ ಬಡಿಯುತ್ತಿದ್ದರಂತೆ.

"ಮೊದಲೇ ಯಾಕ ಹೇಳ್ಲಿಲ್ರಿ ಬಾಯಿ?"

"ನೀವು ಹೇಳಗೊಟ್ರ ಹೇಳ್ಬೇಕಲ್ರಿ! ರೇಡಿಯೋ ಹಚ್ಚಿದಂಗ ನೀವೇ ಮಾತಾಡ್ತಿದ್ರಿ."

ಆ ಅಡುಗೆಮನೆಯನ್ನು ಒಡೆಸಿ ಮತ್ತೆ ಕಟ್ಟಿಸಿಕೊಟ್ಟ ಮೇಡಂ, ಗೆರೆ ಎಳೆಯುವುದಕ್ಕಿಂತ ಮೊದಲು ಕೇಳುವುದನ್ನು ಕಲಿಸಬೇಕೆಂದು ನಿಶ್ಚಯಿಸಿದರಂತೆ.

ನಾನು ಮೆಹಕರದ ಕುರಿ ಸಾಕುವ ಮನೆಯವಳು. ನಾಲ್ಕು ಜನರೆದುರು ಮಾತಾಡುವವಳಲ್ಲ. ನನ್ನ ಮಾತೆಲ್ಲ ದಿನಚರಿಗೇ ಮೀಸಲು. ನಕ್ಷೆ ಹಚ್ಚಿ ಪರೀಕ್ಷಕರಿಗೆ ಉತ್ತರಿಸಬೇಕಾದ ಜ್ಯೂರಿಯಲ್ಲಿ ಒಮ್ಮೆ ನಪಾಸಾಗಿದ್ದೆ. ಮತ್ತೊಮ್ಮೆ ಆದರೆ ಓದು ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಎರಡನೇ ಸಲದ ಜ್ಯೂರಿಗೆ ಹೊರಗಿನಿಂದ ಬಂದ ಪರೀಕ್ಷಕರು ನನ್ನ ನಕ್ಷೆ ನೋಡಿ, "ಕುರಿದೊಡ್ಡಿ ಮನಿ ಮುಂದ ಯಾಕವ್ವ? ಬೀಗರು ಬಂದ್ರ ಮೊದಲ ಕುರಿ ಸಲಾಮ್ ಮಾಡ್ಬೇಕೇನು?" ಎಂದರು. ಎಲ್ಲರೂ ನಕ್ಕರು. ನಾನು ನೆಲ ನೋಡಿದೆ. ನನ್ನ ಕಾರಣ ಮೇಡಂ ಅವರಿಗೆ ಗೊತ್ತಿತ್ತು, ಹೇಳಿಬಿಡಬಹುದಿತ್ತು. ಅವರು ಹೇಳಲಿಲ್ಲ.

"ಚಹಾ ಆರ್ತದ, ಕುಡೀರಿ ಸರ್. ಉತ್ತರ ಆಕಿ ಬಲ್ಲಿ ಅದ, ಬರ್ತದ."

ಚಹಾ ಮುಗಿಯಿತು. ಪರೀಕ್ಷಕರು ಗಡಿಯಾರ ನೋಡಿದರು. ಮೇಡಂ ಅಲುಗಲಿಲ್ಲ.

"ಅವ್ವ ರೊಟ್ಟಿ ಬಡಿಯುವಾಗ ದೊಡ್ಡಿ ಕಾಣ್ಬೇಕ್ರಿ," ಎಂದೆ ಕೊನೆಗೆ. "ಕಷ್ಟಕ್ಕ ಬಿದ್ದ ಕುರಿ ಒದರಂಗಿಲ್ರಿ ಸರ್. ನೋಡೇ ತಿಳ್ಕೋಬೇಕ್ರಿ."

ಪಾಸಾದೆ. ಮೇಡಂ ನನ್ನ ಪರವಾಗಿ ಉತ್ತರಿಸಿದ್ದರೂ ಅಂದು ಪಾಸಾಗುತ್ತಿದ್ದೆನೇನೋ. ಆದರೆ ಹಾಗಾಗಿದ್ದರೆ ಮುಂದೆ ಪ್ರತಿ ಸಲವೂ ಉತ್ತರಕ್ಕಾಗಿ ಅವರ ಮುಖವನ್ನೇ ನೋಡುತ್ತಿದ್ದೆ.

ನಿವೃತ್ತಿಯ ನಂತರ ಮತ್ತೆ ಮನೆ ಕಟ್ಟಿಸುವ ಕೆಲಸಕ್ಕೆ ಮರಳಲಿರುವ ಮೇಡಂ ಅವರಿಗೆ ದೀರ್ಘಾಯುಷ್ಯವೂ ಕೈತುಂಬ ಕೆಲಸವೂ ಒದಗಲಿ. ನನ್ನ ಸ್ವಭಾವ ಬಲ್ಲ ಈ ಅಭಿನಂದನ ಸಂಚಿಕೆಯ ಸಂಪಾದಕರು, ಲೇಖನ ಕೊಟ್ಟರೆ ಸಾಕು, ಬೀಳ್ಕೊಡುಗೆ ಸಮಾರಂಭದಲ್ಲಿ ಮಾತಾಡಬೇಕಿಲ್ಲ ಎಂದು ರಿಯಾಯಿತಿ ತೋರಿದ್ದಾರೆ. ಮಾತಾಡುತ್ತೇನೆಂದು ತಿಳಿಸಿದ್ದೇನೆ. ಮಾತು ಬರಲು ತುಸು ತಡವಾದರೆ ಸಭಿಕರು ಮನ್ನಿಸಬೇಕು.