ಸೂಜಿಯಿಲ್ಲದೆ ಬಿಟ್ಟ ಜ್ವರ

ಕೊಟ್ಟೂರಿನ ನನ್ನ ದವಾಖಾನೆಗೆ ಯಾರೂ ಜ್ವರದ ಮೊದಲ ದಿನ ಬರುವುದಿಲ್ಲ. ಕಷಾಯ ಕುಡಿದು, ಕಂಬಳಿ ಹೊದ್ದು ಮಲಗಿ, ಜ್ವರ ತಾನಾಗಿಯೇ ಇಳಿಯುವ ಹೊತ್ತಿಗೆ ಬಂದು ಸೂಜಿ ಮಾಡಿಸಿಕೊಳ್ಳುತ್ತಾರೆ. ಮರುದಿನ ಜ್ವರ ಬಿಟ್ಟರೆ ಹೆಸರೆಲ್ಲ ಸೂಜಿಗೆ. ಈ ಲೆಕ್ಕ ಕೇಳಿ ಕೇಳಿ ನನಗೆ ರೇಗಿಹೋಗಿದೆ.

ಉಜ್ಜಿನಿಯ ಅಜ್ಜಿಯೊಬ್ಬಳನ್ನು ಪರೀಕ್ಷಿಸಿ, "ಇದು ನೆಗಡಿ ಜ್ವರ ಐತವ್ವ. ಸೂಜಿಯಿಂದ ಏನೂ ಉಪಯೋಗ ಇಲ್ಲ, ತಾನಾ ಹೋಗತೈತಿ" ಎಂದು ಗುಳಿಗೆ ಕೊಟ್ಟು ಕಳಿಸಿದೆ. ಮುಖ ಗಂಟು ಹಾಕಿಕೊಂಡು ಹೋದಳು.

ಸಂತೆಯ ದಿನ ಎದುರಿಗೆ ಸಿಕ್ಕಳು, ಆರಾಮಾಗಿದ್ದಳು. "ನೋಡವ್ವ, ಸೂಜಿ ಇಲ್ಲದನ ಹೋತಲ್ಲ" ಎಂದು ಬೀಗಿದೆ.

"ಹೋಗದ ಏನ್ ಮಾಡತೈತ್ರಿ? ನಾಳಿ ಬ್ಯಾರೆ ಡಾಕ್ಟರ್ ಕಡೆ ಸೂಜಿ ಮಾಡಿಸ್ತೀನಿ ಅಂತ ಮನ್ಯಾಗ ಜೋರಾಗಿ ಅಂದಿದ್ದೆ. ಅದು ಜ್ವರಕ್ಕ ಕೇಳಿಸ್ತು."